ಅಪ್ಪನ ಟ್ರಿನಿಡಾಡ್, ನನ್ನ ಸ್ಟಾಂಪು

2024ರ ಜನವರಿ ಮೂರನೇ ವಾರ. ನ್ಯೂಜೆರ್ಸಿಯ ನಮ್ಮ ಮನೆಯೆದುರು ನಾನು ಹಿಮ ಎತ್ತಿ ಹಾಕುತ್ತಿದ್ದೆ. ಅಪ್ಪ ಮಂಕಿಕ್ಯಾಪು, ಎರಡು ಸ್ವೆಟರು, ಮೇಲೆ ನನ್ನ ಹಳೇ ಜಾಕೆಟ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಬೆಚ್ಚಗಿರೋ ಕಡೆ ಎಲ್ಲಿಗಾದ್ರೂ ಕರ್ಕೊಂಡು ಹೋಗೋ ಮಾರಾಯ. ಭದ್ರಾವತೀಲಿ ಕುಲುಮೆ ಮುಂದೆ ಮೂವತ್ತು ವರ್ಷ ನಿಂತವನು ನಾನು. ಈ ಚಳಿ ನನಗೆ ಆಗಿಬರಲ್ಲ" ಅಂದರು. ಜನವರಿಯಲ್ಲಿ ಟಿಕೆಟ್ ಅಗ್ಗ ಎಂದು ಆಸೆಪಟ್ಟು ಅವರನ್ನು ಆಗ ಕರೆಸಿಕೊಂಡದ್ದು ನನ್ನದೇ ಬುದ್ಧಿವಂತಿಕೆ.

ಆ ರಾತ್ರಿ ಊಟದ ಹೊತ್ತಿಗೆ ಹೆಂಡತಿ ಫೋನಿನಲ್ಲಿ ಕೆರಿಬಿಯನ್ ದ್ವೀಪಗಳ ಪಟ್ಟಿ ಹಿಡಿದು ಕೂತಿದ್ದಳು. ತೆಂಗಿನಮರ, ನೀಲಿ ನೀರು, ಬಿಳಿ ಮರಳು. ಫೋಟೋ ನೋಡಿದರೆ ಯಾವ ದ್ವೀಪ ಯಾವುದೆಂದು ದೇವರಿಗೂ ಗೊತ್ತಾಗಲಿಕ್ಕಿಲ್ಲ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿ, "ಇದು ವೆಸ್ಟ್ ಇಂಡೀಸ್ ಅಲ್ವಾ?" ಅಂದರು. ಹೌದು ಅಂದೆ. "ಇಲ್ಲಿಂದ ಎಷ್ಟು ದೂರ?"

ಅಪ್ಪನ ಮಟ್ಟಿಗೆ ಕೆರಿಬಿಯನ್ ಎಂಬ ಜಾಗವೇ ಇಲ್ಲ, ಇರುವುದು ವೆಸ್ಟ್ ಇಂಡೀಸ್. ಬಾರ್ಬಡೋಸ್ ಅಂದರೆ ಸೋಬರ್ಸ್, ಆಂಟಿಗಾ ಅಂದರೆ ರಿಚರ್ಡ್ಸ್, ಜಮೈಕಾ ಅಂದರೆ ಹೋಲ್ಡಿಂಗ್. ಟ್ರಿನಿಡಾಡ್ ಒಂದೇ ಅವರ ಪಾಲಿಗೆ ಆಟಗಾರನ ಹೆಸರಿನ ಊರಲ್ಲ, ಅದೊಂದು ತಾರೀಕು. 1976ರ ಏಪ್ರಿಲ್ 12, ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಕ್ರಿಕೆಟ್ ಟೆಸ್ಟಿನ ಕೊನೇ ದಿನ. ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನ. ಗೆಲ್ಲಲು 403 ಬೇಕಿತ್ತು, ನಾವು ನಾಲ್ಕು ವಿಕೆಟ್ ಕಳೆದುಕೊಂಡು 406 ಮಾಡಿದೆವು. ಗಾವಸ್ಕರ್ 102, ಮೊಹಿಂದರ್ 85, ಕೊನೆಗೆ ನಿಂತು ಗೆಲ್ಲಿಸಿದ ಬ್ರಿಜೇಶ್ ಪಟೇಲ್ 49. ಮಧ್ಯದಲ್ಲಿ ಭದ್ರಾವತಿಯಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ 112. ಟೆಸ್ಟಿನ ನಾಲ್ಕನೇ ಇನಿಂಗ್ಸಿನಲ್ಲಿ 400 ದಾಟಿ ಗೆದ್ದದ್ದು ಅದಕ್ಕೆ ಮೊದಲು ಒಂದೇ ಸಲ, 1948ರಲ್ಲಿ ಬ್ರಾಡ್ಮನ್ನರ ತಂಡ. ಅಪ್ಪನಿಗೆ ಆಗ ಇಪ್ಪತ್ತೆರಡು, ಕಾರ್ಖಾನೆ ಸೇರಿದ ಹೊಸತು. ಈ ಅಂಕಿಗಳನ್ನು ನಾನು ಮಗ್ಗಿಯ ಜೊತೆಗೇ ಕಲಿತವನು.

"ಟ್ರಿನಿಡಾಡ್‌ಗೆ ಹೋಗಬಹುದಾ?" ಎಂದು ಕೇಳಿದ್ದು ಅಪ್ಪ ಅಲ್ಲ, ನನ್ನ ಹೆಂಡತಿ. "ಮಾವನಿಗೆ ಓವಲ್, ನಮಗೆ ಪಕ್ಕದಲ್ಲೇ ಟೊಬೇಗೊ. ಒಂದೇ ದೇಶ, ಎರಡು ದ್ವೀಪ." ನ್ಯೂಯಾರ್ಕಿನ ಜೆಎಫ್‌ಕೆಯಿಂದ ನೇರ ವಿಮಾನ, ಹೆಚ್ಚೂಕಡಿಮೆ ಐದು ಗಂಟೆ. ಭಾರತದ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಬೇಕಿಲ್ಲ. ಚಂಡಮಾರುತದ ಹಾದಿಗಿಂತ ಕೆಳಗೆ ದಕ್ಷಿಣ ಅಮೆರಿಕದ ಪಕ್ಕದಲ್ಲಿದೆ. ಜನವರಿಯಿಂದ ಮೇವರೆಗೆ ಒಣ ಹವೆ. ಎಲ್ಲ ಸರಿಯಾಗಿಯೇ ಇತ್ತು.

ಸರಿಯಿಲ್ಲದ್ದು ನಾನು.

ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವ ಯಾರನ್ನಾದರೂ ರಜೆಗೆ ಎಲ್ಲಿ ಹೋಗುತ್ತೀಯ ಎಂದು ಕೇಳಿ. ಅವರು ಮೊದಲು ನೋಡುವುದು ಹವಾಮಾನವನ್ನಲ್ಲ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಕೊನೇ ತಾರೀಕನ್ನು. ಊರಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಇರುವುದಕ್ಕೆ, ಕೆಲಸ ಮಾಡುವುದಕ್ಕೆ ಬೇಕಾದ ಅನುಮತಿ ಒಂದು ಕಾಗದ. ಹೊರಗೆ ಹೋದವನು ಒಳಗೆ ಬರಲು ತೋರಿಸಬೇಕಾದ ವೀಸಾ ಇನ್ನೊಂದು, ನಾವೆಲ್ಲ ಅದನ್ನು 'ಸ್ಟಾಂಪು' ಅನ್ನುತ್ತೇವೆ. ಮೊದಲನೆಯದು ನನಗೆ 2026ರವರೆಗೆ ಇತ್ತು. ಎರಡನೆಯದು 2023ರ ನವೆಂಬರಿಗೆ ಮುಗಿದಿತ್ತು. ಅಂದರೆ ಮನೆಯೊಳಗೆ ಹಾಯಾಗಿರಬಹುದು, ಆದರೆ ಹೊಸ್ತಿಲು ದಾಟಿದರೆ ಹೊಸ ಚೀಟಿ ತಂದೇ ಒಳಗೆ ಬರಬೇಕು. ಹೆಂಡತಿ ಬೇರೆ ಕಂಪನಿ, ಅವಳದೇ ಎಚ್-1ಬಿ. ಹಿಂದಿನ ವರ್ಷ ಮೈಸೂರಿಗೆ ಹೋದಾಗ ಸ್ಟಾಂಪು ಹಾಕಿಸಿಕೊಂಡು ಬಂದಿದ್ದಳು. ಮಗಳು ಇಲ್ಲೇ ಹುಟ್ಟಿದವಳು, ಅವಳದು ಅಮೆರಿಕದ್ದೇ ಪಾಸ್‌ಪೋರ್ಟು. ಅಪ್ಪ ಅಮ್ಮನಿಗೆ ಹತ್ತು ವರ್ಷದ ಪ್ರವಾಸಿ ವೀಸಾ, ಎಷ್ಟು ಸಲ ಬೇಕಾದರೂ ಬಂದುಹೋಗಬಹುದು. ಐವರಲ್ಲಿ ನಾಲ್ವರು ನಾಳೆಯೇ ವಿಮಾನ ಹತ್ತಬಹುದಿತ್ತು.

"ಕೆರಿಬಿಯನ್‌ಗೆ ಸ್ಟಾಂಪು ಬೇಡ ಕಣೋ, ನಾನು ಬಹಾಮಾಸ್‌ಗೆ ಹೋಗಿಬಂದೆ" ಎಂದು ಗೆಳೆಯನೊಬ್ಬ ಧೈರ್ಯ ಹೇಳಿದ. ಪುಣ್ಯಕ್ಕೆ ನಿಯಮ ತೆಗೆದು ಓದಿದೆ. ಮುಗಿದ ವೀಸಾದಲ್ಲೇ ಮರಳಿ ಬರಲು ಬಿಡುವ ಒಂದು ವಿನಾಯಿತಿ ನಿಜಕ್ಕೂ ಇದೆ. ಎಚ್-1ಬಿಯವರಿಗೆ ಅದು ಕೆನಡಾ, ಮೆಕ್ಸಿಕೊಗೆ ಮಾತ್ರ, ಅದೂ 30 ದಿನದೊಳಗೆ ಬರಬೇಕು. ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳಿಗೆ 'ಪಕ್ಕದ ದ್ವೀಪ'ಗಳೂ ಸೇರುತ್ತವೆ, ಕ್ಯೂಬಾ ಒಂದನ್ನು ಬಿಟ್ಟು. ಗೆಳೆಯ ಹೋಗಿದ್ದು ವಿದ್ಯಾರ್ಥಿಯಾಗಿದ್ದಾಗ. ಅವನ ಮಾತು ಕೇಳಿ ಹೋಗಿದ್ದರೆ ನಾನು ಪೋರ್ಟ್ ಆಫ್ ಸ್ಪೇನಿನಲ್ಲೇ ಬಾಡಿಗೆ ಮನೆ ಹುಡುಕಬೇಕಿತ್ತು. ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಇದೇ ದೋಣಿಯಲ್ಲಿದ್ದರೆ ದಯವಿಟ್ಟು ಗೆಳೆಯರ ಅನುಭವ ನಂಬಬೇಡಿ, ಅವರು ಹೋದಾಗ ಯಾವ ವೀಸಾದಲ್ಲಿದ್ದರು ಎಂದು ಕೇಳಿ.

ಹಾಗಾದರೆ ಪೋರ್ಟೊ ರಿಕೊ? ಅಮೆರಿಕದ್ದೇ ನೆಲ, ವಿಮಾನವೂ ದೇಶದೊಳಗಿನದು, ಸ್ಟಾಂಪಿನ ಗೋಜಿಲ್ಲ. ಕೆರಿಬಿಯನ್ ನೋಡಿದ ಹಾಗೂ ಆಯಿತು. ಎಚ್-1ಬಿ ಸಂಸಾರಗಳು ಗುಂಪುಗುಂಪಾಗಿ ಸ್ಯಾನ್ ಹುವಾನ್‌ನಲ್ಲಿ ಸಿಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಹೆಂಡತಿ ಒಪ್ಪಿದಳು. ಅಪ್ಪ ಮಾತ್ರ ಅನ್ನ ಕಲಸುತ್ತಾ, "ಅಲ್ಲಿ ಕ್ರಿಕೆಟ್ ಆಡ್ತಾರಾ?" ಅಂದರು. ಬೇಸ್‌ಬಾಲ್ ಅಂದೆ. "ಹೂಂ, ಒಳ್ಳೇದು. ಹೋಗಣ." ಆ 'ಹೂಂ' ನಮ್ಮನೆಯಲ್ಲಿ ಏನು ಅಂತ ನನಗೆ ಗೊತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 61 ಬಂದಾಗಲೂ ಅದನ್ನೇ ಅಂದಿದ್ದರು.

ದಾರಿ ತೆರೆದದ್ದು ಯಾರೂ ಎಣಿಸದ ಕಡೆಯಿಂದ. ಎಚ್-1ಬಿಯವರು ದೇಶ ಬಿಡದೆ ಇಲ್ಲಿಂದಲೇ ವೀಸಾ ನವೀಕರಿಸಿಕೊಳ್ಳುವ ಒಂದು ಪ್ರಾಯೋಗಿಕ ಯೋಜನೆಯನ್ನು ಅಮೆರಿಕದ ವಿದೇಶಾಂಗ ಇಲಾಖೆ ಆ ಚಳಿಗಾಲದಲ್ಲೇ ತಂದಿತ್ತು. ಒಟ್ಟು 20,000 ಜನರಿಗೆ. ಜನವರಿ 29ರಿಂದ ಫೆಬ್ರವರಿ 26ರವರೆಗೆ ಐದು ಸೋಮವಾರ, ಸೋಮವಾರಕ್ಕೆ ಸುಮಾರು 4,000 ಅರ್ಜಿ. ಅದರಲ್ಲಿ ಅರ್ಧ ಭಾರತದಲ್ಲಿ ವೀಸಾ ಪಡೆದವರಿಗೆ, ಉಳಿದರ್ಧ ಕೆನಡಾದಲ್ಲಿ ಪಡೆದವರಿಗೆ. ಭಾರತದ್ದಾದರೆ ಆ ವೀಸಾ 2021ರ ಫೆಬ್ರವರಿ 1 ಮತ್ತು ಸೆಪ್ಟೆಂಬರ್ 30ರ ನಡುವೆ ಕೊಟ್ಟದ್ದೇ ಆಗಿರಬೇಕು.

ನನ್ನದು 2021ರ ಮಾರ್ಚಿನದು. ಅಜ್ಜಿ ತೀರಿಕೊಂಡಾಗ ಕೋವಿಡ್ ನಡುವೆ ಓಡಿ ಹೋಗಿ, ಚೆನ್ನೈನಲ್ಲಿ ಸ್ಟಾಂಪು ಹಾಕಿಸಿಕೊಂಡು, ಎರಡನೇ ಅಲೆ ಏಳುವ ಮುಂಚೆ ಹೇಗೋ ವಾಪಸ್ಸಾಗಿದ್ದೆ. ಆ ಪ್ರಯಾಣವನ್ನು ಮೂರು ವರ್ಷ ಬೈದುಕೊಂಡಿದ್ದೆ. ತಾರೀಕು ನೋಡಿದ ಮೇಲೆ ಅಜ್ಜಿಯ ಫೋಟೋಕ್ಕೆ ಕೈಮುಗಿದೆ.

ಮೊದಲ ಸೋಮವಾರ ನಾನು ಆಫೀಸಿನ ಮೀಟಿಂಗ್ ಮುಗಿಸಿ ಕೂರುವಷ್ಟರಲ್ಲಿ ಭಾರತದ ಪಾಲು ಮುಗಿದಿತ್ತು. ಎರಡನೇ ಸೋಮವಾರ, ಫೆಬ್ರವರಿ 5ರಂದು ರಜೆ ಹಾಕಿ, ಬೆಳಿಗ್ಗೆಯೇ ಸ್ನಾನ ಮಾಡಿ ಕಂಪ್ಯೂಟರ್ ಮುಂದೆ ಕೂತೆ. ಅಮ್ಮ ಹಿಂದಿನಿಂದ ಬಂದು ಮಾನಿಟರಿಗೆ ಒಂದು ಹೂವಿಟ್ಟು ಹೋದರು. ಅರ್ಜಿ ಸೇರಿತು. ಶುಲ್ಕ 205 ಡಾಲರ್. ಕಾಗದಗಳ ಜೊತೆ ಪಾಸ್‌ಪೋರ್ಟನ್ನು ಅಂಚೆಯಲ್ಲಿ ಇಲಾಖೆಗೆ ಕಳಿಸಬೇಕಿತ್ತು. ಆರರಿಂದ ಎಂಟು ವಾರ ಎಂದು ಹೇಳಿದ್ದರು. ಲಕೋಟೆ ಅಂಟಿಸುವಾಗ ಕೈ ನಡುಗಿದ್ದು ನಿಜ. ಇಲ್ಲಿ ಒಂಬತ್ತು ವರ್ಷದ ಬದುಕು ಆ ನೀಲಿ ಪುಸ್ತಕದ ಮೇಲೆ ನಿಂತಿದೆ, ಅದನ್ನು ಅಂಚೆ ಡಬ್ಬಕ್ಕೆ ಹಾಕಿ ಬರುವುದು ಎಂದರೆ!

ಆ ಆರು ವಾರ ಪಾಸ್‌ಪೋರ್ಟಿಲ್ಲದೆಯೇ ಯೋಜನೆ ನಡೆಯಿತು. ವಿಮಾನದ ಟಿಕೆಟ್ ತೆಗೆಯುವ ಹಾಗಿಲ್ಲ. ಹೋಟೆಲುಗಳಲ್ಲಿ ಕೊನೇ ಗಳಿಗೆಯಲ್ಲೂ ರದ್ದು ಮಾಡಬಹುದಾದವನ್ನಷ್ಟೇ ಹಿಡಿಯಬೇಕು.

ಅಷ್ಟರಲ್ಲಿ ಬಂತು ನೋಡಿ ಹಳದಿ ಜ್ವರ.

ಈ ಕಾಯಿಲೆ ಹರಡಬಹುದಾದ ದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ, ಟೊಬೇಗೊ ಇಲ್ಲ. ಅಮೆರಿಕಕ್ಕೆ ಮರಳುವಾಗ ಯಾರೂ ಲಸಿಕೆಯ ಕಾರ್ಡು ಕೇಳುವುದಿಲ್ಲ. ಕೇಳುವುದು ನಮ್ಮ ಭಾರತ. ಆ ದೇಶಗಳಿಂದ ಬಂದವರ ಹತ್ತಿರ ಹಳದಿ ಕಾರ್ಡು ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕರೆದೊಯ್ದು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುತ್ತಾರೆ. ಭಾರತದಲ್ಲಿ ಈ ಕಾಯಿಲೆ ಇಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಧಾರಾಳವಾಗಿದೆ. ಹಾಗಾಗಿ ಆ ಬಿಗಿ ನ್ಯಾಯವೇ. ಅಪ್ಪ ಅಮ್ಮ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿಗೆ ಮರಳುವವರಿದ್ದರು.

"ಅದಕ್ಕೇನು, ಸೂಜಿ ಹಾಕಿಸಿಕೊಂಡರಾಯ್ತು" ಅಂದರು ಅಪ್ಪ. ನಾನೂ ಹಾಗೇ ಎಂದುಕೊಂಡಿದ್ದೆ. ಡಾಕ್ಟರು ಮಾತ್ರ ಕುರ್ಚಿಗೆ ಒರಗಿ ಕೂತು ಅಪ್ಪನ ವಯಸ್ಸು ಕೇಳಿದರು. ಹಳದಿ ಜ್ವರದ ಲಸಿಕೆಯಲ್ಲಿ ಇರುವುದು ಜೀವವಿರುವ, ಶಕ್ತಿ ಕುಗ್ಗಿಸಿದ ವೈರಸ್ಸು. ಒಂದು ಸಲ ಹಾಕಿಸಿಕೊಂಡರೆ ಬಹುಪಾಲು ಜನರಿಗೆ ಜೀವನಪೂರ್ತಿ ಸಾಕು. ಆದರೆ ಅರವತ್ತು ದಾಟಿದವರು ಮೊದಲ ಬಾರಿ ಹಾಕಿಸಿಕೊಂಡಾಗ ಅಪರೂಪಕ್ಕೆ ಗಂಭೀರ ತೊಂದರೆ ಆಗುವ ಸಂಭವ ಚಿಕ್ಕವರಿಗಿಂತ ಹೆಚ್ಚು. ಹಾಗಾಗಿ ಹೋಗಲೇಬೇಕಾದ ಅಗತ್ಯ ಎಷ್ಟು, ಅಪಾಯ ಎಷ್ಟು ಎಂದು ತೂಗಿ ನೋಡಿ ಎಂದರು. ಅಪ್ಪನಿಗೆ ಎಪ್ಪತ್ತು, ಅಮ್ಮನಿಗೆ ಅರವತ್ತೈದು. "ಕಾಡು ಸುತ್ತುತ್ತೀರಾ?" ಇಲ್ಲ ಅಂದೆ. ಟ್ರಿನಿಡಾಡಿನಲ್ಲಿ ಲಸಿಕೆಯ ಸಲಹೆ ಇರುವುದು ಮುಖ್ಯವಾಗಿ ದಟ್ಟ ಕಾಡಿಗೆ ಹೋಗುವವರಿಗೆ. "ಹಾಗಾದರೆ ಊರೊಳಗೇ ಇರಿ, ಸೊಳ್ಳೆಯಿಂದ ದೂರ ಇರಿ, ಭಾರತದ ನಿಯಮ ಏನಿದೆ ನೋಡಿಕೊಂಡು ತಾರೀಕು ಹೊಂದಿಸಿ."

ನಿಯಮವನ್ನು ನಾಲ್ಕು ಸಲ ಓದಿದೆ. ಅಲ್ಲಿನ ಕೀಲಿ ಮಾತು 'ಆರು ದಿನದೊಳಗೆ'. ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಹೆಚ್ಚೆಂದರೆ ಹಿಡಿಯುವ ಕಾಲ ಅದು. ಆ ದೇಶ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದವರಿಗೆ ಕಾರ್ಡು ಬೇಕು. ಅಂದರೆ ಟ್ರಿನಿಡಾಡಿನಿಂದ ನ್ಯೂಜೆರ್ಸಿಗೆ ಬಂದು ಆರು ದಿನಕ್ಕಿಂತ ಹೆಚ್ಚು ಮನೆಯಲ್ಲಿ ಕೂತರೆ ಲೆಕ್ಕ ಮುಗಿಯಿತು! ಏಪ್ರಿಲ್ 17ಕ್ಕೆ ನಾವು ಮರಳುವುದು, 28ಕ್ಕೆ ಅವರು ಊರಿಗೆ ಹೊರಡುವುದು. ನಡುವೆ ಹನ್ನೊಂದು ದಿನ. ಪಾಸ್‌ಪೋರ್ಟಿನ ಮುದ್ರೆ, ಬೋರ್ಡಿಂಗ್ ಪಾಸು ಎರಡನ್ನೂ ಜೋಪಾನವಾಗಿಟ್ಟುಕೊಂಡಿರಿ ಎಂದು ಅಪ್ಪನಿಗೆ ಹೇಳಿದಾಗ, "ನಾನು ಪಿಎಫ್ ಕಾಗದ ಇಟ್ಟುಕೊಂಡಿದ್ದು 1975ರಿಂದ. ನೀನು ನನಗೆ ಹೇಳ್ತೀಯ" ಅಂದರು.

ಈ ಮಧ್ಯೆ, ಫೆಬ್ರವರಿ 7ಕ್ಕೆ ಟೊಬೇಗೊ ಹತ್ತಿರ ಒಂದು ಹಡಗು ಮಗುಚಿ ಕಡಲಿಗೆ ಎಣ್ಣೆ ಹರಿಯತೊಡಗಿತು. ಕರಾವಳಿಯಲ್ಲಿ ಹದಿನೈದು ಕಿಲೋಮೀಟರಿನಷ್ಟು ಕಪ್ಪು ಮೆತ್ತಿಕೊಂಡ ಚಿತ್ರಗಳು. ಅಲ್ಲಿನ ಪ್ರಧಾನಿ ರಾಷ್ಟ್ರೀಯ ತುರ್ತುಸ್ಥಿತಿ ಎಂದರು. ಹೆಂಡತಿ ಫೋನು ನನ್ನ ಮುಖಕ್ಕೆ ಹಿಡಿದು ಸುಮ್ಮನೆ ನಿಂತಳು. ನಕ್ಷೆ ತೆಗೆದು ಕೂತೆವು. ಎಣ್ಣೆ ಸೇರಿದ್ದು ದ್ವೀಪದ ದಕ್ಷಿಣಕ್ಕೆ, ಅಟ್ಲಾಂಟಿಕ್ ಮಗ್ಗುಲಲ್ಲಿ. ನಾವು ನೋಡಿದ್ದ ಸ್ಟೋರ್ ಬೇ, ಪಿಜನ್ ಪಾಯಿಂಟ್ ಇರುವುದು ನೈಋತ್ಯದ ತುದಿಯಲ್ಲಿ, ಕೆರಿಬಿಯನ್ ಕಡೆಗೆ. ಹೋಟೆಲಿಗೆ ಫೋನು ಮಾಡಿದರೆ ಆ ಹೆಂಗಸು ದಣಿದ ದನಿಯಲ್ಲಿ, ಈ ಪ್ರಶ್ನೆ ಇವತ್ತು ಹನ್ನೊಂದನೇ ಸಲ, ನಮ್ಮ ನೀರು ಚೆನ್ನಾಗಿದೆ, ಬನ್ನಿ ಅಂದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು ಎಂದು ಹೆಂಡತಿ. ಆದರೂ ಕಾದಿರಿಸಿದ್ದನ್ನು ಬಿಡಲಿಲ್ಲ. ಪ್ರತಿ ವಾರ ಸುದ್ದಿ ನೋಡುವುದು, ರದ್ದು ಮಾಡುವ ಗಡುವಿನ ಹಿಂದಿನ ರಾತ್ರಿ ತೀರ್ಮಾನಿಸುವುದು ಎಂದಾಯಿತು.

ಅವಳ ಇನ್ನೊಂದು ಆತಂಕ ಅಷ್ಟು ಸುಲಭದ್ದಲ್ಲ. ಅಪರಾಧದ ಕಾರಣಕ್ಕೆ ಟ್ರಿನಿಡಾಡ್ ಬಗ್ಗೆ ಅಮೆರಿಕ ಸರ್ಕಾರ ತನ್ನ ಪ್ರಯಾಣಿಕರಿಗೆ ಎಚ್ಚರಿಕೆ ಕೊಟ್ಟಿತ್ತು. ನಾನು ಮೊದಲು ಅದನ್ನು ಹಗುರವಾಗಿ ತೆಗೆದುಕೊಂಡೆ, ಅವಳು ತೆಗೆದುಕೊಳ್ಳಲಿಲ್ಲ. ಅವಳು ಹೇಳಿದ್ದೇ ಸರಿ. ಕೊನೆಗೆ ಒಪ್ಪಂದವಾದದ್ದು ಹೀಗೆ: ಅಲ್ಲಿ ಕಾರು ಬಾಡಿಗೆಗೆ ಹಿಡಿಯುವುದಿಲ್ಲ, ನಮ್ಮ ಊರಿನಂತೆ ಎಡಕ್ಕೇ ಓಡಿಸುತ್ತಾರೆ ಎಂದು ನಾನೆಷ್ಟು ಕೊಚ್ಚಿಕೊಂಡರೂ. ಒಬ್ಬನೇ ಗೊತ್ತುಪಡಿಸಿದ ಚಾಲಕ. ಕತ್ತಲಾದ ಮೇಲೆ ಹೋಟೆಲು. ಟ್ರಿನಿಡಾಡಿನಲ್ಲಿ ನಾಲ್ಕೇ ರಾತ್ರಿ, ಉಳಿದ ಮೂರು ಟೊಬೇಗೊ. ಸಂಜೆ ಕ್ಯಾರೊನಿ ಜವುಗಿನಲ್ಲಿ ದೋಣಿ ಹತ್ತಿ, ಕೆಂಪು ಐಬಿಸ್ ಹಕ್ಕಿಗಳು ಗೂಡಿಗೆ ಮರಳುವುದನ್ನು ನೋಡುವ ನನ್ನ ಆಸೆ ಸೊಳ್ಳೆಯ ಲೆಕ್ಕದಲ್ಲಿ ಹೊಡೆದುಹೋಯಿತು. ಅದೊಂದು ನನಗೆ ಇವತ್ತಿಗೂ ಹೊಟ್ಟೆಯುರಿ.

ಇಷ್ಟೆಲ್ಲ ಆಗುವಾಗ ಅಮ್ಮ ಒಂದು ಮಾತೂ ಆಡಿರಲಿಲ್ಲ. ಒಂದು ದಿನ ಹುರುಳಿಕಾಯಿ ಸೋಸುತ್ತಾ, "ಸಮುದ್ರ, ಕ್ರಿಕೆಟ್ಟು ಎಲ್ಲ ಸರಿ. ನಾನು ಅಲ್ಲಿ ಹೋಗಿ ಏನು ತಿನ್ನಲಿ?" ಅಂದರು. ಅಮ್ಮ ಮೊಟ್ಟೆಯನ್ನೂ ಮುಟ್ಟುವವರಲ್ಲ. ಈ ಪ್ರಶ್ನೆಗೆ ಕೆರಿಬಿಯನ್ನಿನ ಬಹುಪಾಲು ದ್ವೀಪಗಳು ಉತ್ತರಿಸಲು ತಡವರಿಸುತ್ತವೆ. ಟ್ರಿನಿಡಾಡಿಗೆ ಮಾತ್ರ ಉತ್ತರ ಬಾಯಲ್ಲೇ ಇದೆ. 1845ರ ಮೇ 30ರಂದು ಫಾತೆಲ್ ರಜಾಕ್ ಎಂಬ ಹಡಗು ಕಬ್ಬಿನ ತೋಟಗಳಿಗೆಂದು ಭಾರತದ ಕೂಲಿಗಳನ್ನು ಅಲ್ಲಿ ಇಳಿಸಿತು. ಆ ದಿನ ಇವತ್ತಿಗೂ ಅಲ್ಲಿ ಸರ್ಕಾರಿ ರಜೆ. ಅವರ ಮಕ್ಕಳು ಮೊಮ್ಮಕ್ಕಳ ಅಡುಗೆಯೇ ದೇಶದ ಬೀದಿ ತಿಂಡಿಯಾಗಿದೆ. 'ಡಬಲ್ಸ್' ಅಂದರೆ ಬಾರಾ ಎಂಬ ಎರಡು ಮೆತ್ತನೆಯ ಕರಿದ ರೊಟ್ಟಿ, ನಡುವೆ ಕಡಲೆಕಾಳಿನ ಪಲ್ಯ, ಮೇಲೆ ಹುಣಸೆ ಚಟ್ನಿ. 'ದಾಲ್‌ಪುರಿ' ಅಂದರೆ ಬೇಯಿಸಿ ಪುಡಿಮಾಡಿದ ಬೇಳೆಯನ್ನು ಹೂರಣದ ಹಾಗೆ ತುಂಬಿ ಲಟ್ಟಿಸಿದ ರೊಟ್ಟಿ. ವಿಡಿಯೊ ತೋರಿಸಿದೆ. "ಇದು ನಮ್ಮ ಹೋಳಿಗೇನೇ ಕಣೋ, ಬೆಲ್ಲ ಮರೆತಿದ್ದಾರೆ" ಅಂದರು ಅಮ್ಮ. 'ಕಲಲೂ' ಎಂಬ ಕೆಸುವಿನ ಸೊಪ್ಪಿನ ಸಾರೂ ಇದೆ, ಆದರೆ ಅದಕ್ಕೆ ಏಡಿ ಹಾಕುವುದುಂಟು, ಕೇಳಿಯೇ ತಿನ್ನಬೇಕು ಎಂದು ಬರೆದಿಟ್ಟುಕೊಂಡೆ. ಇಷ್ಟು ಕೇಳಿಯೂ ಅಮ್ಮ ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

ಅಮ್ಮನನ್ನು ಪೂರ್ತಿ ಒಪ್ಪಿಸಿದವನು ಹನುಮಂತ. ಕ್ಯಾರಪಿಚೈಮ ಎಂಬ ಊರಿನಲ್ಲಿ 85 ಅಡಿ ಎತ್ತರದ ಹನುಮನ ಮೂರ್ತಿ ಇದೆ, 2003ರಲ್ಲಿ ಪ್ರತಿಷ್ಠೆಯಾದದ್ದು. ಅದು ಇರುವ ದತ್ತಾತ್ರೇಯ ಯೋಗ ಕೇಂದ್ರವನ್ನು ಕಟ್ಟಿಸಿದವರು ನಮ್ಮ ಮೈಸೂರಿನ ಅವಧೂತ ದತ್ತ ಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿ. ಹೆಂಡತಿ ತವರು ಮೈಸೂರು. "ಅತ್ತೆ, ನಂಜನಗೂಡು ರಸ್ತೇಲಿ ನಾವು ಹೋಗ್ತೀವಲ್ಲ, ಅದೇ ಆಶ್ರಮದವರು" ಎಂದದ್ದೇ ತಡ, ಅಮ್ಮ ಕ್ಯಾಲೆಂಡರ್ ತೆಗೆದರು. "ರಾಮನವಮಿ 17ಕ್ಕೆ. ಅವತ್ತು ಅಲ್ಲಿರಬಹುದಾ?" ಅವತ್ತು ನಾವು ವಿಮಾನದಲ್ಲಿ. "ಹಾಗಾದ್ರೆ 13, ಶನಿವಾರ. ಅವನದೇ ವಾರ." ಸರಿ, 13 ಹನುಮಂತನಿಗೆ.

ಆದರೆ ಕ್ಯಾಲೆಂಡರ್ ಅಮ್ಮನ ಕೈಗೆ ಸಿಕ್ಕಿದ್ದು ಬೇರೆ ಅನಾಹುತಕ್ಕೂ ದಾರಿಯಾಯಿತು. ನಾನು ಏಪ್ರಿಲ್ 8ಕ್ಕೆ ಹೊರಡೋಣ ಎಂದಿದ್ದೆ. ಅವತ್ತು ಸೋಮವಾರ, ಅಮಾವಾಸ್ಯೆ, ಮೇಲಾಗಿ ಸೂರ್ಯಗ್ರಹಣ. ಅದೂ ಅಮೆರಿಕದ ನೆತ್ತಿಯ ಮೇಲೆಯೇ ಹಾದುಹೋಗುವ ಖಗ್ರಾಸ. ನಮ್ಮ ನ್ಯೂಜೆರ್ಸಿಯಲ್ಲೂ ತೊಂಬತ್ತು ಪಾಲು ಸೂರ್ಯ ಮುಚ್ಚುವುದಿತ್ತು. ನನ್ನ ಸಹೋದ್ಯೋಗಿಗಳು ಅದನ್ನು ನೋಡಲು ಟೆಕ್ಸಸ್ಸಿಗೆ ಟಿಕೆಟ್ ತೆಗೆಯುತ್ತಿದ್ದರೆ ನಮ್ಮನೆಯಲ್ಲಿ ಅದರಿಂದ ತಪ್ಪಿಸಿಕೊಳ್ಳುವ ಚರ್ಚೆ. "ಗ್ರಹಣದಲ್ಲಿ ಆಕಾಶದಲ್ಲಿರೋದಾ?" ಎಂದ ಅಮ್ಮನ ಮುಖ ನೋಡಿಯೇ ನಾನು ಸೋತೆ. 9ಕ್ಕೆ ಹೋಗೋಣ ಅಂದರೆ ಯುಗಾದಿ. ಬೇವು ಬೆಲ್ಲ ತಿನ್ನದೆ ಹೊರಡುವುದುಂಟೇ? ಹೀಗೆ ಹೊರಡುವ ದಿನ 10ಕ್ಕೆ ಬಂದು ನಿಂತಿತು.

ಏಪ್ರಿಲ್ ಎರಡನೇ ವಾರಕ್ಕೆ ಹೊರಟದ್ದರಲ್ಲಿ ಮಗಳಿಗೆ ಮಾತ್ರ ನಷ್ಟ. ಟೊಬೇಗೊದ ಬಕೂ ಹಳ್ಳಿಯಲ್ಲಿ ಈಸ್ಟರ್ ಮುಗಿದ ಮಂಗಳವಾರ ಮೇಕೆ ಓಟ ನಡೆಯುತ್ತದೆ. ಮೇಕೆ ಮುಂದೆ, ಹಗ್ಗ ಹಿಡಿದ ಓಟಗಾರ ಜೊತೆಗೆ, ಒಂದು ಥರದ ಕಂಬಳ. ಆ ವರ್ಷ ಅದು ಏಪ್ರಿಲ್ 2ಕ್ಕೆ ಬಿದ್ದಿತ್ತು. ಈಸ್ಟರಿಗೆ ಟ್ರಿನಿಡಾಡಿನ ಜನವೆಲ್ಲ ಟೊಬೇಗೊಗೆ ಬಂದು ಇಳಿಯುವುದರಿಂದ ಕೋಣೆಗಳ ಬೆಲೆ ನೋಡುವ ಹಾಗೂ ಇರಲಿಲ್ಲ. ಒಂದು ವಾರ ತಡವಾಗಿ ಹೋದದ್ದು ಕಿಸೆಗೆ ಒಳ್ಳೆಯದೇ ಆಯಿತು. ಎಂಟು ವರ್ಷದವಳಿಗೆ ಕಿಸೆಯ ಮಾತು ತಿಳಿಯದು. ನೈಲಾನ್ ಪೂಲ್ ಎಂಬ ಜಾಗದ ಆಸೆ ತೋರಿಸಿ ಸಮಾಧಾನ ಮಾಡಿದೆ. ದಡದಿಂದ ದೂರ, ನಡುಗಡಲಿನಲ್ಲಿ ಮರಳು ದಿಬ್ಬ ಎದ್ದು ನೀರು ಸೊಂಟದ ಮಟ್ಟಕ್ಕೆ ಇಳಿಯುವ ಜಾಗ ಅದು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕರೆದೊಯ್ದು ಇಳಿಸುತ್ತಾರೆ. ಈಜು ಬಾರದ ಅಮ್ಮ ಕೂಡ ಸೀರೆ ಎತ್ತಿಕಟ್ಟಿ ಸಮುದ್ರದ ನಡುವೆ ನಿಲ್ಲಬಹುದು.

ಮಾರ್ಚ್ 20ಕ್ಕೆ ಪಾಸ್‌ಪೋರ್ಟು ಬಂತು. ಹೆಂಡತಿ ಲಕೋಟೆ ಒಡೆದು, ಪುಟ ತಿರುಗಿಸಿ, ಸ್ಟಾಂಪು ನೋಡಿ ಏನೂ ಹೇಳದೆ ಲ್ಯಾಪ್‌ಟಾಪ್ ತೆಗೆದಳು. ಕಾದದ್ದಕ್ಕೆ ಟಿಕೆಟ್ಟು ಒಬ್ಬೊಬ್ಬರಿಗೆ 90 ಡಾಲರ್ ಏರಿತ್ತು. ಟೊಬೇಗೊಗೆ ಹಡಗಿನಲ್ಲೂ ಹೋಗಬಹುದು, ಮೂರೂವರೆ ಗಂಟೆಯ ಮೇಲೆ ಹಿಡಿಯುತ್ತದೆ. ಆ ಕಡಲು ಕುಲುಕುವುದರ ಬಗ್ಗೆ ಓದಿ ಇಪ್ಪತ್ತೈದು ನಿಮಿಷದ ವಿಮಾನವನ್ನೇ ಹಿಡಿದೆವು. ಅಪ್ಪ ಅಮ್ಮನಿಗೆ ಅಮೆರಿಕಕ್ಕೆಂದು ಮಾಡಿಸಿದ್ದ ಆರೋಗ್ಯ ವಿಮೆಯ ಸಣ್ಣ ಅಕ್ಷರ ಓದಿದಾಗ ಅದು ಅಲ್ಲಿ ಪೂರ್ತಿ ನಡೆಯುವುದಿಲ್ಲ ಎಂದು ಗೊತ್ತಾಯಿತು. ಒಂದು ವಾರಕ್ಕೆ ಬೇರೆ ವಿಮೆ ಕೊಂಡೆ. ಇದನ್ನು ಯಾರೂ ನೋಡುವುದಿಲ್ಲ, ನೋಡಿ.

ಚಾಲಕನಿಗೆ ಫೋನು ಮಾಡಿದಾಗ, "10ನೇ ತಾರೀಕು ಬೇಡ ಸರ್, ಚಂದ್ರ ಕಂಡರೆ ಅವತ್ತು ನಮಗೆ ಈದ್" ಅಂದ. ಚಂದ್ರ ಕಾಣದಿದ್ದರೆ? "ಆಗ 11 ಬೇಡ." ನಮ್ಮನೆಯಲ್ಲೂ ಇದೇ ಚಂದ್ರನ ಲೆಕ್ಕದಲ್ಲಿ ತಾರೀಕು ಬದಲಾದದ್ದು ಎಂದೆ. ಅವನು ಜೋರಾಗಿ ನಕ್ಕ. ಬಂದಿಳಿಯುವ ದಿನಕ್ಕೆ ಹೋಟೆಲಿನ ವ್ಯಾನು ಹೇಳಿದೆ. 12ರಿಂದ ಅವನು ನಮ್ಮವನು.

ಗಂಟು ಕಟ್ಟುವ ರಾತ್ರಿ ನನ್ನ ಇಷ್ಟದ ಅರ್ಧ ಚಡ್ಡಿಯನ್ನು ಹೆಂಡತಿ ಪೆಟ್ಟಿಗೆಯಿಂದ ಹೊರಗೆಸೆದಳು. ಮಿಲಿಟರಿಯವರ ಬಟ್ಟೆಯಂಥ ಹಸಿರು ಕಂದು ಮಚ್ಚೆಯದು. ಟ್ರಿನಿಡಾಡಿನಲ್ಲಿ ಅಂಥ ಬಟ್ಟೆ ಸಾಮಾನ್ಯ ಜನ ತೊಡುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಕೂಡದು. ಬಾರ್ಬಡೋಸಿನಲ್ಲೂ ಹಾಗೇ.

ನಾನು ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ಹಾಕಿದ್ದೆ. ಗಂಟೆ ಗಂಟೆಗೆ ಒಂದೊಂದು ಸಾಲು, ದಿನಕ್ಕೊಂದು ಬಣ್ಣ. 12ನೇ ತಾರೀಕು, ಶುಕ್ರವಾರ: 9.30ಕ್ಕೆ ಓವಲ್, 10.15ಕ್ಕೆ ಸವಾನಾ ಮೈದಾನದ ಸುತ್ತ, 11ಕ್ಕೆ ಡಬಲ್ಸ್, 1ಕ್ಕೆ ಮರಾಕಸ್ ಕಡಲತೀರ. ತಾರೀಕು ಹೊಂದಿಬಂದದ್ದು ಗ್ರಹಣದ ದಯೆ, ನನ್ನದೇನಿಲ್ಲ. ಆದರೂ ಅಪ್ಪ ಗಮನಿಸಿ ಮೆಚ್ಚಲಿ ಎಂದು ಪ್ರಿಂಟು ಹಾಕಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಜೇಬಿನಿಂದ ಪೆನ್ನು ತೆಗೆದು, 12ರ ಸಾಲುಗಳಲ್ಲಿ ಮೊದಲನೆಯದನ್ನು ಬಿಟ್ಟು ಉಳಿದ ಮೂರಕ್ಕೂ ಗೀಟು ಎಳೆದರು.

"ಪಂದ್ಯ ಇಲ್ಲದಿದ್ರೆ ಖಾಲಿ ಮೈದಾನ ಅಪ್ಪ. ಒಳಗೆ ಬಿಡ್ತಾರೋ ಇಲ್ವೋ. ಮುಕ್ಕಾಲು ಗಂಟೆ ಸಾಕಾಗುತ್ತೆ."

"ಹೊರಗೆ ಫುಟ್‌ಪಾತ್ ಇರುತ್ತಲ್ಲ?" ಅಂದರು. "ನಮ್ಮವರು ಇಡೀ ದಿನ ಆಡಿದ್ರು. ನೀನು ಮುಕ್ಕಾಲು ಗಂಟೆ ಅಂತೀಯಲ್ಲ."

ಹೆಂಡತಿ ಕಡಲತೀರವನ್ನು ಬೇರೆ ದಿನಕ್ಕೆ ಸರಿಸಿದಳು.

10ರ ಬೆಳಿಗ್ಗೆ ಹೊರಟು, ಯುಗಾದಿಯ ಹೋಳಿಗೆಯನ್ನು ಆಕಾಶದಲ್ಲೇ ತಿಂದು ಮುಗಿಸಿ, ಮಧ್ಯಾಹ್ನ ಟ್ರಿನಿಡಾಡಿನ ಪಿಯಾರ್ಕೊ ವಿಮಾನ ನಿಲ್ದಾಣದಲ್ಲಿ ಇಳಿದೆವು. ಬಾಗಿಲು ತೆರೆದದ್ದೇ ವೈಶಾಖದ ಮಂಗಳೂರಿನ ಸೆಕೆ ಮುಖಕ್ಕೆ ಬಡಿಯಿತು. ಅಪ್ಪ ಮಂಕಿಕ್ಯಾಪು ತೆಗೆದು ಕೈಚೀಲಕ್ಕೆ ತುರುಕಿದರು. ನನ್ನ ಕೈಯಲ್ಲಿ ಕಡತ: ಹೋಟೆಲ್ ಚೀಟಿ, ಮರಳುವ ಟಿಕೆಟ್, ಬ್ಯಾಂಕಿನ ಕಾಗದ, ಎರಡೂ ವಿಮೆ, ಎಲ್ಲದರ ಎರಡೆರಡು ಪ್ರತಿ. ನನ್ನನ್ನು ಆ ಅಧಿಕಾರಿ ಏನೂ ಕೇಳಲಿಲ್ಲ. ನನ್ನ ಸ್ಟಾಂಪಿನ ಪುಟವನ್ನು ತಿರುಗಿಸಿಯೂ ನೋಡಲಿಲ್ಲ.

ಅಪ್ಪನ ಸರದಿ ಬಂದಾಗ ತಲೆಯೆತ್ತಿ, ಎಲ್ಲಿ ಉಳಿದುಕೊಳ್ಳುತ್ತೀರಿ ಎಂದು ಕೇಳಿದ. ವಿಮಾನದಲ್ಲಿ ಮೂರು ಸಲ ಹೋಟೆಲಿನ ಹೆಸರು ಬಾಯಿಪಾಠ ಮಾಡಿಸಿದ್ದೆ. ಅಪ್ಪ ಎದೆಯುಬ್ಬಿಸಿ ಇಂಗ್ಲಿಷಿನಲ್ಲಿ ಹೇಳಿದರು: "ಕ್ವೀನ್ಸ್ ಪಾರ್ಕ್ ಓವಲ್."

ಅವನು ಪಾಸ್‌ಪೋರ್ಟು ಮುಚ್ಚಿ ಅಪ್ಪನನ್ನು ಒಮ್ಮೆ, ಹಿಂದೆ ಕಡತ ಬಿಚ್ಚುತ್ತಿದ್ದ ನನ್ನನ್ನು ಒಮ್ಮೆ ನೋಡಿದ. "ರಾತ್ರಿ ಅಲ್ಲಿ ಮಲಗೋಕೆ ಬಿಡಲ್ಲ, ಅಂಕಲ್" ಅಂದು ಮುದ್ರೆ ಒತ್ತಿದ.